ಜೀವನಾಂಶ ಬೇರೆ, ಭೇಟಿ ಬೇರೆ

ಪತಿಪತ್ನಿಯರು ಬೇರ್ಪಟ್ಟ ಮನೆಗಳಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. 'ಹಣ ಕಳುಹಿಸದವನಿಗೆ ಮಗುವನ್ನೇಕೆ ತೋರಿಸಬೇಕು?' ಎಂಬುದು ಒಂದು. 'ಮಗುವನ್ನೇ ತೋರಿಸದ ಮೇಲೆ ಹಣವನ್ನೇಕೆ ಕಳುಹಿಸಬೇಕು?' ಎಂಬುದು ಇನ್ನೊಂದು. ಎರಡೂ ನ್ಯಾಯದ ಮಾತುಗಳಂತೆಯೇ ತೋರುತ್ತವೆ. ಆದರೆ ಜೀವನಾಂಶವೂ ಭೇಟಿಯೂ ಮಗುವಿಗೆ ಸಲ್ಲಬೇಕಾದ ಎರಡು ಪ್ರತ್ಯೇಕ ಬಾಕಿಗಳು. ಒಂದನ್ನು ಅಡವಿಟ್ಟು ಇನ್ನೊಂದನ್ನು ಪಡೆಯುವ ಅಧಿಕಾರ ತಂದೆಗೂ ಇಲ್ಲ, ತಾಯಿಗೂ ಇಲ್ಲ.

ನಮ್ಮ ಸಮಾಜದಲ್ಲಿ ಮತ್ತೊಂದು ತಪ್ಪು ತಿಳಿವಳಿಕೆಯೂ ಉಂಟು. ಧರ್ಮಪ್ರಾಂತ್ಯದ ನ್ಯಾಯಪೀಠವು ವಿವಾಹವನ್ನು ಅಸಿಂಧುವೆಂದು ಸಾರಿದೊಡನೆ ಎಲ್ಲ ಹೊಣೆಯೂ ಮುಗಿಯಿತೆಂದು ಭಾವಿಸುವವರಿದ್ದಾರೆ. ಅಂತಹ ತೀರ್ಪಿಗೆ ದೇಶದ ಕಾನೂನಿನಲ್ಲಿ ಮದುವೆಯನ್ನು ರದ್ದುಗೊಳಿಸುವ ಬಲವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿತು. ಕರ್ನಾಟಕದ ಕ್ಲಾರೆನ್ಸ್ ಪಾಯ್ಸ್ ಅವರ ಅರ್ಜಿಯನ್ನು 2017ರಲ್ಲಿ ವಜಾ ಮಾಡಿದಾಗಲೂ ಅದೇ ನಿಲುವನ್ನು ತಳೆಯಿತು. ದಂಪತಿಗಳು ಬೇರ್ಪಟ್ಟಾಗ ಮಕ್ಕಳ ಪೋಷಣೆ, ಶಿಕ್ಷಣಗಳಿಗೆ ತಕ್ಕ ಏರ್ಪಾಡಾಗಲೇಬೇಕೆಂದು ಧರ್ಮಸಭೆಯ ಸಂಹಿತೆಯ 1154ನೆಯ ವಿಧಿಯೂ ಹೇಳುತ್ತದೆ.

ಹಣದ ವಿಷಯದಲ್ಲಿ ಕಾನೂನಿನ ಕೈ ಬಲವಾಗಿಯೇ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಸಕಾರಣವಿಲ್ಲದೆ ಪಾವತಿ ತಪ್ಪಿಸಿದವನ ಮೇಲೆ ವಾರಂಟು ಹೊರಡಿಸಬಹುದು. ಬಾಕಿಯುಳಿದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸೆರೆಮನೆಗೆ ಹೋಗಿಬಂದರೂ ಬಾಕಿ ತೀರುವುದಿಲ್ಲ. ಆದರೆ ಈ ವಾರಂಟಿಗೆ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 'ಇಂದಲ್ಲ ನಾಳೆ ಕೊಟ್ಟಾನು' ಎಂದು ಕಾದವರಿಗೆ ಅವಧಿ ಮೀರಿಹೋಗುತ್ತದೆ. 'ದುಬಾಯಿಯಲ್ಲಿರುವವನ ಸಂಬಳ ಯಾರಿಗೆ ಗೊತ್ತು?' ಎನ್ನುವವರು ಗಮನಿಸಬೇಕಾದ ತೀರ್ಪು 2020ರ ರಜನೀಶ್–ನೇಹಾ ಪ್ರಕರಣದ್ದು. ಇದರಂತೆ ಉಭಯಪಕ್ಷಗಳೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕು. ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಲ್ಲಬೇಕು.

ಭೇಟಿಯ ಸ್ಥಿತಿ ಹಾಗಿಲ್ಲ. 1890ರ ಪಾಲಕರು ಮತ್ತು ಪಾಲ್ಯರ ಅಧಿನಿಯಮದಲ್ಲಿ ಭೇಟಿಗೆಂದೇ ರೂಪಿಸಿದ ನಿಯಮಗಳಿಲ್ಲ. ಕಾನೂನು ಆಯೋಗವು 2015ರ ತನ್ನ 257ನೆಯ ವರದಿಯಲ್ಲಿ ಈ ಕೊರತೆಯನ್ನು ತುಂಬುವ ಸಲಹೆಗಳನ್ನಿತ್ತಿತು. ಅವು ವರದಿಯಲ್ಲೇ ಉಳಿದಿವೆ. ಆದೇಶವಿದ್ದೂ ಮಗುವನ್ನು ಕರೆತರದಿದ್ದರೆ ಅಮಲ್ಜಾರಿ ಅರ್ಜಿ, ಇಲ್ಲವೇ ನ್ಯಾಯಾಲಯ ನಿಂದನೆಯ ಅರ್ಜಿ. ನೋಟೀಸು, ಆಕ್ಷೇಪಣೆ, ಮುಂದೂಡಿಕೆಗಳಲ್ಲಿ ಎರಡನೆಯ ತರಗತಿಯ ಮಗು ಐದನೆಯದಕ್ಕೆ ಬಂದಿರುತ್ತದೆ. ತಂದೆಯ ಮುಖವನ್ನೇ ಮರೆತ ಮಗು 'ನಾನು ಹೋಗುವುದಿಲ್ಲ' ಎನ್ನುತ್ತದೆ. ಅದೇ ಮಾತು ಮುಂದಿನ ವಿಚಾರಣೆಯಲ್ಲಿ ತಂದೆಗೆ ವಿರುದ್ಧವಾದ ಸಾಕ್ಷ್ಯವಾಗುತ್ತದೆ!

ಕುಡಿತ, ಹೊಡೆತಗಳ ಭಯವಿರುವಲ್ಲಿ ಭೇಟಿಯನ್ನು ಒತ್ತಾಯಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಅದನ್ನು ನಿರ್ಧರಿಸಬೇಕಾದದ್ದು ನ್ಯಾಯಾಧೀಶರು, ಅಜ್ಜಿಯಲ್ಲ.

ಕಾನೂನು ತಿದ್ದುಪಡಿಯಾಗುವವರೆಗೆ ಆದೇಶವನ್ನಾದರೂ ಸ್ಪಷ್ಟವಾಗಿ ಬರೆಯಿಸಿಕೊಳ್ಳುವುದು ವಕೀಲರ ಕೈಯಲ್ಲಿದೆ: ಯಾವ ವಾರ, ಎಷ್ಟು ಹೊತ್ತು, ಕರೆತರುವವರಾರು, ಕ್ರಿಸ್ಮಸ್ ಮತ್ತು ಬೇಸಿಗೆ ರಜೆಯಲ್ಲಿ ಹೇಗೆ, ತಪ್ಪಿದ ದಿನಕ್ಕೆ ಬದಲಿ ಯಾವುದು. ಪರದೇಶದಲ್ಲಿರುವವರಿಗೆ ವೀಡಿಯೊ ಕರೆಯ ಅವಕಾಶವನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಎತ್ತಿಹಿಡಿದಿದೆ. ಇನ್ನು ಸ್ಥಳದ ಪ್ರಶ್ನೆ. ನ್ಯಾಯಾಲಯದ ಜಗಲಿ ಮಗು ಆಡುವ ಜಾಗವಲ್ಲ. ಧರ್ಮಕೇಂದ್ರಗಳ ಧರ್ಮೋಪದೇಶದ ಕೊಠಡಿಗಳು ವಾರದ ಬಹುಪಾಲು ಮುಚ್ಚಿಯೇ ಇರುತ್ತವೆ. ಉಭಯಪಕ್ಷಗಳು ಒಪ್ಪಿ, ಧರ್ಮಗುರುಗಳು ಬೀಗದ ಕೈ ಕೊಟ್ಟರೆ, ಅಂತಹ ಕೊಠಡಿಯನ್ನೇ ಭೇಟಿಯ ಸ್ಥಳವೆಂದು ಆದೇಶದಲ್ಲಿ ನಮೂದಿಸುವಂತೆ ಕೇಳಿಕೊಳ್ಳಬಹುದು.