ಪರದೇಶದಲ್ಲಿ ವರ್ಷಾರಂಭ



ಅಮೆರಿಕೆಯ ಇಂಡಿಯಾನಾ ಸಂಸ್ಥಾನದ ಬ್ಲೂಮಿಂಗ್ಟನ್ನಿನಲ್ಲಿ ಸಂಶೋಧನೆ ನಡೆಸುವ ನಮ್ಮಂಥ ಕನ್ನಡ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಮೂರು ವರ್ಷಾರಂಭಗಳುಂಟು. ಆಗಸ್ಟಿನಲ್ಲಿ ತರಗತಿಗಳು ಮೊದಲಾಗುವುದು ಒಂದು. ಜನವರಿ 1ನೆಯ ತಾರೀಖು ಎರಡನೆಯದು. ರಜೆಯಿಲ್ಲದ ವ್ಯಾಸಂಗದ ನಡುವೆ ಬಂದುಹೋಗುವ ಯುಗಾದಿ ಮೂರನೆಯದು. ಡಿಸೆಂಬರ್ 31ರಂದು ನಮ್ಮೂರಿನಲ್ಲಿ ನಡುರಾತ್ರಿ ಹನ್ನೆರಡು ಹೊಡೆದಾಗ ಇಲ್ಲಿ ಮಧ್ಯಾಹ್ನ ಒಂದೂವರೆ ಗಂಟೆ. ಆಗ ತಾಯಿತಂದೆಗಳು ದೂರವಾಣಿಯಲ್ಲಿ ಹರಸಿ ಕೇಳುವುದು ಒಂದೇ ಮಾತು: "ಈ ವರ್ಷವಾದರೂ ಮುಗಿಯುವುದೇನಪ್ಪ?"

ಪ್ರಶ್ನೆಯು ನ್ಯಾಯವಾದುದೇ, ಅವರಿಗೂ ವಯಸ್ಸಾಗುತ್ತಿರುವುದು. ಆದರೆ ಸಂಶೋಧನೆಗೆ ಪರೀಕ್ಷೆಯಂತೆ ಗೊತ್ತಾದ ದಿನವಿಲ್ಲ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು 1959ರಲ್ಲಿ ಅಮೆರಿಕೆಗೆ ಬಂದು, 1963ರಲ್ಲಿ ಇಲ್ಲಿಯ ವಿಶ್ವವಿದ್ಯಾನಿಲಯದಿಂದಲೇ ಭಾಷಾಶಾಸ್ತ್ರದ ಡಾಕ್ಟರೇಟ್ ಪದವಿಯನ್ನು ಪಡೆದರು. ಅವರ ಪ್ರಬಂಧದ ವಿಷಯವು ಕನ್ನಡದ ವ್ಯಾಕರಣ. ಬಾಲ್ಯದಿಂದ ಬಲ್ಲ ನುಡಿಯ ನಿಯಮಗಳನ್ನು ಶಾಸ್ತ್ರೋಕ್ತವಾಗಿ ನಿರೂಪಿಸುವುದಕ್ಕೂ ವರ್ಷಗಳ ದುಡಿಮೆಯು ಬೇಕಾಯಿತೆಂಬುದನ್ನು ನೆನೆದರೆ ನಮಗೆ ಧೈರ್ಯ ಬರುವುದು.

ಆದುದರಿಂದ ಮುಂದಿನ ವರ್ಷ ಮುಗಿಸಿಯೇ ತೀರುವೆನೆಂದು ನಾನು ಮಾತು ಕೊಡಲಾರೆ. ದಿನಕ್ಕೊಂದು ಪುಟವನ್ನು ಬರೆಯುವೆನು. ಎಷ್ಟು ಬರೆದೆನೆಂಬುದನ್ನು ಭಾನುವಾರಗಳಲ್ಲಿ ಮರೆಮಾಚದೆ ಮನೆಗೆ ತಿಳಿಸುವೆನು. ಇಷ್ಟು ನನ್ನ ಕೈಯಲ್ಲಿರುವುದು.

ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿರುವ ಗೃಹಸ್ಥರಲ್ಲಿ ಒಂದು ಬಿನ್ನಹ. "ಎಂದು ಮುಗಿಯುವುದು?" ಎಂಬುದಕ್ಕೆ ಅವರಲ್ಲಿ ಉತ್ತರವಿರುವುದಿಲ್ಲ. "ಈ ವಾರ ಏನು ಬರೆದೆ? ಊಟ ಸರಿಯಾಗಿ ಆಗುತ್ತಿದೆಯೆ?" ಎಂದು ಕೇಳಿರಿ. ಉತ್ತರವೂ ದೊರೆಯುವುದು, ಮುಂದಿನ ಪುಟವನ್ನು ಬರೆಯಲು ಮನಸ್ಸೂ ಬರುವುದು.