ಹಣೆಬರಹ ಅಂತ ಸುಮ್ಮನಾಗಬೇಡಿ!

ಗೆಳೆಯರೇ, ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ನನ್ನ ಪ್ರೆಸ್ಸಿನ ಕಟಿಂಗ್ ಮಷಿನ್ನಿಗೆ ಸಿಕ್ಕಿ ಹುಡುಗನೊಬ್ಬ ಎರಡು ಬೆರಳ ತುದಿ ಕಳೆದುಕೊಂಡ. ಆಸ್ಪತ್ರೆ ಖರ್ಚು ಕೊಟ್ಟು ಅವನ ತಾಯಿಗೆ, "ಏನ್ ಮಾಡೋದಮ್ಮ, ಹಣೆಬರಹ" ಅಂದೆ. ಆಕೆ ಕೇಳಿದ್ದು ಒಂದೇ ಮಾತು: "ಬ್ಲೇಡಿನ ಮುಂದೆ ಇರಬೇಕಾದ ತಡೆ ಎಲ್ಲಿ ಹೋಯ್ತು ಸ್ವಾಮಿ?" ಕೆಲಸ ಬೇಗ ಆಗಲಿ ಅಂತ ಅದನ್ನು ಬಿಚ್ಚಿಸಿದವನು ನಾನೇ!

ಪಿಯುಸಿಗೇ ಓದು ಮುಗಿಸಿದವನು ನಾನು. ವಕೀಲ ಗೆಳೆಯರೊಬ್ಬರು ಆಮೇಲೆ ತಿಳಿಸಿ ಹೇಳಿದರು: ಆ ತಾಯಿಯ ಪ್ರಶ್ನೆಯನ್ನೇ ಕೋರ್ಟೂ ಕೇಳುತ್ತದೆ. ಎಚ್ಚರ ವಹಿಸುವ ಹೊಣೆ ನಿನಗಿತ್ತೇ? ವಿವೇಕ ಇರುವ ಮನುಷ್ಯ ಮಾಡುವಷ್ಟನ್ನು ನೀನು ಮಾಡಿದೆಯಾ? ಮಾಡದ್ದರಿಂದಲೇ ಪೆಟ್ಟಾಯಿತೇ? ಬೇಕಂತಲೇ ಮಾಡಲಿಲ್ಲ ಎಂಬ ಸಬೂಬು ಇಲ್ಲಿ ನಡೆಯದು. ಈ ಹೊಣೆ ಯಾರ ಕಡೆಗೆ? ಸ್ಕಾಟ್ಲೆಂಡಿನ ಹೆಂಗಸೊಬ್ಬಳು, ಕುಡಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಬಸವನಹುಳು ಇತ್ತೆಂದು ಹೂಡಿದ ದಾವೆಯಲ್ಲಿ 1932ರಲ್ಲಿ ಲಾರ್ಡ್ ಆಟ್ಕಿನ್ ಇದಕ್ಕೆ ಉತ್ತರ ಕೊಟ್ಟರು. ನಮ್ಮ ಕೆಲಸದಿಂದ ಯಾರಿಗೆ ಪೆಟ್ಟಾಗಬಹುದೆಂದು ಮೊದಲೇ ಊಹಿಸಬಹುದೋ ಅವರೆಲ್ಲ ನಮ್ಮ ನೆರೆಯವರು. ಹುಳುವಿನಿಂದ ಹುಟ್ಟಿದ ಕಾನೂನು, ನಗಬೇಡಿ!

ನನ್ನಂಥ ಸಣ್ಣ ಮಾಲೀಕನನ್ನು ಹಿಡಿಯುವುದು ಸುಲಭ. ತಪ್ಪು ನಗರಸಭೆಯದಾದರೆ?

ದೆಹಲಿಯ ಚಾಂದನಿ ಚೌಕದಲ್ಲಿ ಪುರಭವನದ ಎದುರು ಗಡಿಯಾರ ಗೋಪುರವೊಂದಿತ್ತು. 1951ರಲ್ಲಿ ಅದು ಕುಸಿದು ಜನ ಸತ್ತರು. ಒಳಗಿನ ದೋಷ ಕಣ್ಣಿಗೆ ಕಾಣುವಂತಿರಲಿಲ್ಲ, ನಮಗೆ ಗೊತ್ತಿರಲಿಲ್ಲ ಎಂದಿತು ನಗರಸಭೆ. ಗೋಪುರಕ್ಕೆ 80 ವರ್ಷ! ಅದಕ್ಕೆ ಬಳಸಿದ್ದ ಗಾರೆಯ ಬಾಳಿಕೆ 40-45 ವರ್ಷ ಎಂದು ಸಾಕ್ಷ್ಯವಿತ್ತು. 1966ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಗೊತ್ತಿರಲಿಲ್ಲ ಎಂದರೆ ಸಾಲದು, ಗೊತ್ತು ಮಾಡಿಕೊಳ್ಳುವುದೇ ನಿಮ್ಮ ಹೊಣೆ. ಗೋಪುರ ತಾನಾಗಿ ಬಿತ್ತೆಂಬುದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ತಪ್ಪಿಲ್ಲವೆಂದು ತೋರಿಸಬೇಕಾದವರು ನೀವು. ಸತ್ತವರ ಮನೆಯವರಿಗೆ ಪರಿಹಾರ ಕೊಡಬೇಕಾಯಿತು.

ಈಗ ನಮ್ಮೂರಿಗೆ ಬನ್ನಿ. ಬೆಂಗಳೂರಿನ ರಸ್ತೆ ಗುಂಡಿಗೆ ಬಿದ್ದು ಗಾಯಗೊಂಡವರು, ಸತ್ತವರ ಮನೆಯವರು ಪರಿಹಾರ ಕೇಳಬಹುದು ಎಂದು 2019ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಆಗಿನ ಬಿಬಿಎಂಪಿ ಅದನ್ನು ಒಪ್ಪದೆ ವಾದಿಸಿತ್ತು! ನಿಮ್ಮಲ್ಲಿ ಎಷ್ಟು ಜನರಿಗೆ ಈ ವಿಷಯ ಗೊತ್ತು? ಗುಂಡಿಗೆ ಬಿದ್ದ ಹುಡುಗ ಮೊದಲು ಮಾಡುವುದು ಸುತ್ತ ನೋಡಿ, ಯಾರೂ ನಗಲಿಲ್ಲವಲ್ಲ ಎಂದು ಪ್ಯಾಂಟು ಕೊಡವಿಕೊಳ್ಳುವುದು.

ಆದರೆ ನಿಮ್ಮದೂ ತಪ್ಪಿದ್ದರೆ, ಅತಿ ವೇಗದಲ್ಲಿ ಹೋಗುತ್ತಿದ್ದರೆ, ಆ ಪಾಲಿನಷ್ಟು ಪರಿಹಾರ ಕಡಿತವಾಗಬಹುದು. ಇದು ನ್ಯಾಯವೇ. ನನ್ನ ಹುಡುಗನದು ಅಂಥ ತಪ್ಪೇನೂ ಇರಲಿಲ್ಲ. ಆಸ್ಪತ್ರೆ ಖರ್ಚಿನ ಮೇಲೆ ಮತ್ತಷ್ಟು ಹಣ ಕೊಟ್ಟೆ, ಅದೂ ತಡವಾಗಿ.

ಬಿದ್ದರೆ ಜಾಗದ ಫೋಟೋ ಅವತ್ತೇ ತೆಗೆಯಿರಿ. ನಾಳೆ ಜಲ್ಲಿ ಸುರಿದು ಮುಚ್ಚಿದರೆ ಸಾಕ್ಷಿಯೂ ಮುಚ್ಚಿತು. ಕಂಡವರ ಹೆಸರು, ಆಸ್ಪತ್ರೆ ಚೀಟಿ, ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಮೊಹರು ಒತ್ತಿದ ಸ್ವೀಕೃತಿ ಕೊಡುವವರೆಗೂ ಕೌಂಟರ್ ಬಿಟ್ಟು ಕದಲಬೇಡಿ.