ಚಿತ್ರ ಮೂಡುವ ಕತ್ತಲೆಕೋಣೆ

ಈ ಭಾನುವಾರ ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯೆದುರು ಯುವತಿಯೊಬ್ಬಳು ಗೋಲ್ಕೊಂಡದ ಇತಿಹಾಸ ಬಿಚ್ಚಿಕೊಂಡು, ಅದರ ಪುಟಕ್ಕೂ ತನ್ನ ಮೊಬೈಲಿನ ಚಿತ್ರಕ್ಕೂ ತಾಳೆ ನೋಡುತ್ತ ನಿಂತಿದ್ದಳು. ಎಷ್ಟು ಖುಷಿಯಾಯಿತೆಂದರೆ, ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಆರನೆಯ ನಿಜಾಮರ ಛಾಯಾಗ್ರಾಹಕ ರಾಜಾ ದೀನ್‌ದಯಾಳರ ಕಾಲದಲ್ಲಿ ಗಾಜಿನ ಫಲಕದ ಮೇಲೆ ಹಿಡಿದ ಬೆಳಕು ಚಿತ್ರವಾಗಲು ಕತ್ತಲೆಕೋಣೆಗೆ ಹೋಗಲೇಬೇಕಿತ್ತು. ಎರಡು ರಜೆಯ ಪ್ರವಾಸಗಳ ನಡುವಿನ ಓದು ನಮಗೆ ಅಂಥದೇ ಕೋಣೆ. ಹಂಪಿಯಲ್ಲಿ ನಾನು ತೆಗೆದ ನೂರಾರು ಚಿತ್ರಗಳು ವರ್ಷವಿಡೀ ಮಂಕಾಗಿಯೇ ಇದ್ದವು, ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯನ್ನು ರಾತ್ರಿಗೆ ನಾಲ್ಕೈದು ಪುಟದಂತೆ, ಬರೀ ಸುಖಕ್ಕಾಗಿ ಓದಿದ ಮೇಲೆ ಅದೇ ಬಂಡೆ, ಅದೇ ತುಂಗಭದ್ರೆ ಒಂದೊಂದಾಗಿ ಮೂಡಿಬಂದವು. ಡಿಸೆಂಬರಿನಲ್ಲಿ ಬೀದರಿಗೆ ಹೊರಟಿದ್ದೇನೆ, 1472ರ ಮಹಮೂದ್ ಗವಾನ್ ಮದರಸಾ ನೋಡಲು. ಬಹಮನಿಗಳ ಚರಿತ್ರೆ ಈಗಲೇ ದಿಂಬಿನ ಪಕ್ಕಕ್ಕೆ ಬಂದಿದೆ.